ಕೇಳಿ, ಲೆಕ್ಕ ಹೇಳ್ತೀನಿ: ಎಂಟು ಚಮಚ ಹೆಪ್ಪು

ಹೋದ ತಿಂಗಳು ಈ ಅಂಕಣದಲ್ಲಿ ಘಾತೀಯ ಏರಿಕೆ ಅಂದರೆ ‘ಸಿಕ್ಕಾಪಟ್ಟೆ ಏರಿಕೆ’ ಅಲ್ಲ, ‘ಒಂದೇ ಹೊತ್ತಿಗೆ ಒಂದೇ ಪಟ್ಟು’ ಆಗುವ ಏರಿಕೆ ಎಂದು ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಇಷ್ಟೊಂದು ಪತ್ರ ಬಂದಿವೆ. ಕೆಲವನ್ನು ಆರಿಸಿಕೊಂಡಿದ್ದೇನೆ. ಬರೆಯುವ ಅನುಕೂಲಕ್ಕೆ ‘2ರ ಘಾತ ಕ’ ಎಂಬುದನ್ನು 2^ಕ ಎಂದು ಬರೆಯುತ್ತೇನೆ (2^3 ಅಂದರೆ 2 × 2 × 2, ಎಂಟು). ಕ ಅಂದರೆ ಕಾಲ. ಪಠ್ಯಪುಸ್ತಕದ ಎಕ್ಸ್ ಬೇಕೆನ್ನುವವರು ಎಕ್ಸ್ ಅಂತಲೇ ಓದಿಕೊಳ್ಳಿ.

ಪ್ರಶ್ನೆ: ಮೇಡಂ, ಕಿರುಪರೀಕ್ಷೆಯಲ್ಲಿ 2^(ಕ+3) ನಕ್ಷೆ ಬರೆಯಲು ಕೊಟ್ಟಿದ್ದರು. ನಾನು 2^ಕ ಗೆರೆಯನ್ನು ಮೂರು ಮನೆ ಎಡಕ್ಕೆ ಜರುಗಿಸಿದೆ. ನನ್ನ ಗೆಳತಿ ಎಲ್ಲ ಎತ್ತರಗಳನ್ನೂ ಎಂಟು ಪಟ್ಟು ಮಾಡಿ ಗೆರೆ ಎಳೆದಳು. ನನಗೆ ಅಂಕ ಬಂತು, ಅವಳಿಗೆ ಬರಲಿಲ್ಲ. ಮನೆಗೆ ಬಂದು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಒಂದೇ ಗೆರೆ! ತಪ್ಪು ಯಾರದು? ಇನ್ನೊಂದು, ಕೂಡುವ 3 ಇದ್ದರೆ ಬಲಕ್ಕೆ ಹೋಗಬೇಕಲ್ಲವೇ, ಎಡಕ್ಕೆ ಯಾಕೆ ಹೋಗುತ್ತೆ?
– ಪಿಯುಸಿ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ತಪ್ಪು ನಿನ್ನದೂ ಅಲ್ಲ, ಅವಳದೂ ಅಲ್ಲ ಮಗಳೇ. ಅಂಕ ಕಳೆದವರದು. ಮೂವತ್ತೊಂದು ವರ್ಷ ಪಾಠ ಮಾಡಿದವಳಾಗಿ ಒಪ್ಪಿಕೊಳ್ಳುತ್ತೇನೆ, ನಾನೂ ಶುರುವಿನ ವರ್ಷಗಳಲ್ಲಿ ಇಂಥ ಉತ್ತರಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಕಣ್ಣು ತೆರೆಸಿದ್ದು ನಮ್ಮತ್ತೆಯವರ ಹೆಪ್ಪು.

ತಿಪಟೂರಿಗೆ ಮದುವೆಯಾಗಿ ಬಂದ ಹೊಸತು. ಮಧ್ಯಾಹ್ನಕ್ಕೆ ನೆಂಟರು ಬರುತ್ತಾರೆ, ಮೊಸರಿಲ್ಲ. ಬೆಳಗ್ಗೆ ಆರಕ್ಕೆ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚದ ಬದಲು ಎರಡು ಚಮಚ ಹೆಪ್ಪು ಹಾಕಿದೆ. ‘ದುಪ್ಪಟ್ಟು ಹೆಪ್ಪು, ಅರ್ಧ ಹೊತ್ತು’ ಅಂತ ನನ್ನ ಲೆಕ್ಕ. ಅತ್ತೆ ಪಾತ್ರೆಯೊಳಗೆ ಬಗ್ಗಿ ನೋಡಿ, ‘ಎರಡು ಹಾಕಿದ್ರೆ ಒಂದು ಗಳಿಗೆ ಮುಂಚೆ ಆಗುತ್ತೆ ಕಣೇ, ಅಷ್ಟೇ’ ಅಂದರು. ಅವರು ಹೇಳಿದ್ದೇ ಆಯಿತು. ನೆಂಟರು ಮಜ್ಜಿಗೆಯಂಥ ಮೊಸರಿನಲ್ಲೇ ಊಟ ಮುಗಿಸಿದರು.

ಯಾಕೆ ಹಾಗಾಯಿತು? ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಒಂದು ದುಪ್ಪಟ್ಟಿಗೆ ಮುಕ್ಕಾಲು ಗಂಟೆ ಬೇಕು ಅಂತಿಟ್ಟುಕೊ. ಅದನ್ನು ‘ಒಂದು ಹೆಜ್ಜೆ’ ಅನ್ನೋಣ. ಒಂದು ಚಮಚ ಹಾಕಿದ ಪಾತ್ರೆ ಒಂದು ಹೆಜ್ಜೆ ಕಳೆದಾಗ ಎಲ್ಲಿರುತ್ತದೋ, ಎರಡು ಚಮಚ ಹಾಕಿದ ಪಾತ್ರೆ ಶುರುವಿನಲ್ಲೇ ಅಲ್ಲಿರುತ್ತದೆ. ಅಲ್ಲಿಂದ ಮುಂದೆ ಎರಡರದೂ ಒಂದೇ ಓಟ. ಹಾಗಾಗಿ ಉಳಿತಾಯ ಒಂದೇ ಹೆಜ್ಜೆ, ಮುಕ್ಕಾಲು ಗಂಟೆ. ನಾಲ್ಕು ಚಮಚ ಹಾಕಿದರೆ ಎರಡು ಹೆಜ್ಜೆ. ಎಂಟು ಚಮಚ ಸುರಿದರೆ ಮೂರು ಹೆಜ್ಜೆ.

ಈಗ ನಿನ್ನ ಪ್ರಶ್ನೆಪತ್ರಿಕೆ ನೋಡು. ನಿನ್ನ ಗೆಳತಿ ಎಂಟು ಚಮಚ ಹೆಪ್ಪು ಹಾಕಿದಳು, 8 × 2^ಕ. ನೀನು ಒಂದೇ ಚಮಚ ಹಾಕಿ ಮೂರು ಹೆಜ್ಜೆ ಮುಂಚೆ ಎದ್ದೆ, 2^(ಕ+3). ಮೊಸರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 2^(ಕ+3) = 2^ಕ × 2^3, ಎಂಟನೇ ತರಗತಿಯ ಘಾತಾಂಕದ ನಿಯಮ, ಅಷ್ಟೇ. ಎಡಕ್ಕೆ ಯಾಕೆ ಅಂದರೆ, ಮೊದಲಿನ ಗೆರೆ 3ರಲ್ಲಿ ಮುಟ್ಟುವ ಎತ್ತರವನ್ನು ಹೊಸ ಗೆರೆ 0ಯಲ್ಲೇ ಮುಟ್ಟುತ್ತದೆ. ಮುಂಚೆ ಮುಟ್ಟುತ್ತದೆ ಅಂದರೆ ನಕ್ಷೆಯಲ್ಲಿ ಎಡಕ್ಕಿದೆ ಅಂತ ಅರ್ಥ. ಬಾಯಿಪಾಠದ ಅಗತ್ಯವೇ ಇಲ್ಲ.

ಇದು ಎಲ್ಲ ಗೆರೆಗಳಿಗೂ ಹೊಂದುವ ಮಾತಲ್ಲ. ಕ² ಎಂಬ ಬಟ್ಟಲಿನಾಕಾರದ ಪರವಲಯವನ್ನು ಮೂರು ಮನೆ ಎಡಕ್ಕೆ ಜರುಗಿಸು. ಅದರ ತಳ ಮೂಲಬಿಂದು ಬಿಟ್ಟು ಆಚೆ ಹೋಗುತ್ತದೆ. ಎಷ್ಟು ಪಟ್ಟು ಎತ್ತರ ಮಾಡಿದರೂ ಆ ಜಾಗಕ್ಕೆ ಹೋಗದು. ಪಕ್ಕಕ್ಕೆ ಎಷ್ಟೇ ಜರುಗಿಸಿದರೂ ಮೇಲಕ್ಕೆ ಹಿಗ್ಗಿಸಿದಂತೆಯೇ ಕಾಣುವ, ಎಲ್ಲೂ ಕಡಿಯದ ಗೆರೆ ಘಾತೀಯದ್ದು ಮಾತ್ರ. ನನ್ನನ್ನು ಕೇಳಿದರೆ ಈ ಇಡೀ ಪಾಠದ ಜೀವ ಇದೊಂದೇ, ಮಿಕ್ಕಿದ್ದೆಲ್ಲ ಇದರ ಮಕ್ಕಳು. ದರ್ಜಿ ಅಂಗಡಿಯಿಂದ ಒಂದು ಹಾಳೆ ಬಟರ್ ಪೇಪರ್ ತಂದು ಅದರ ಮೇಲೆ 2^ಕ ಗೆರೆ ನಕಲು ಮಾಡಿ ಗ್ರಾಫ್ ಹಾಳೆಯ ಮೇಲೆ ಎಡಬಲಕ್ಕೆ ಜಾರಿಸಿ ನೋಡು. ಒಂದು ಮನೆ ಜಾರಿಸಿದರೆ ನಿಂತಲ್ಲೆಲ್ಲ ಎತ್ತರ ದುಪ್ಪಟ್ಟು.

ಇನ್ನೆರಡು ಮಾತು. 2^ಕ + 3 ಇದೆಯಲ್ಲ, ಅದು ಬೇರೆಯದೇ ಸಂಗತಿ. ಅಲ್ಲಿ ಗೆರೆಯ ಜತೆಗೆ ಅದರ ನೆಲವೂ ಮೂರು ಮನೆ ಮೇಲೇಳುತ್ತದೆ (ನೆಲದ ಮಾತು ಕೆಳಗೆ ಕಾಫಿ ಪ್ರಶ್ನೆಯಲ್ಲಿದೆ). ಹಾಗೆಯೇ 2^(ಕ/2) ಅಂದರೆ ಚಳಿಗಾಲ. ಡಿಸೆಂಬರಿನಲ್ಲಿ ಒಂದೊಂದು ದುಪ್ಪಟ್ಟಿಗೂ ಎರಡರಷ್ಟು ಹೊತ್ತು ಬೇಕು, ಗೆರೆ ಅಡ್ಡಡ್ಡ ಹಿಗ್ಗಿ ಚಪ್ಪಟೆಯಾಗುತ್ತದೆ. ಅಲ್ಲಿ ಹೆಪ್ಪು ಹೆಚ್ಚು ಹಾಕಿ ಗುದ್ದಾಡಿದರೆ ಒಂದೆರಡು ಹೆಜ್ಜೆ ಉಳಿದೀತು. ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟರೆ ಹೆಜ್ಜೆಯ ಉದ್ದವೇ ಕಡಿಮೆಯಾಗುತ್ತದೆ. ನಮ್ಮತ್ತೆ ಮಾಡುತ್ತಿದ್ದದ್ದು ಎರಡನೆಯದು. ಹುಳಿ ಏರಿದ ಮೇಲೆ ಬ್ಯಾಕ್ಟೀರಿಯಾ ಬೆಳೆಯುವುದೇ ನಿಲ್ಲುತ್ತದೆ, ಹಾಗಾಗಿ ಈ ನಕ್ಷೆ ಮೊದಲ ಕೆಲವು ಗಂಟೆಗಷ್ಟೇ ಲಾಗು. ಅದನ್ನು ಮರೆತು ಗೆರೆಯನ್ನು ಮುಂದಕ್ಕೆಳೆದರೆ ತಿಪಟೂರೆಲ್ಲ ಮೊಸರಾಗಬೇಕು.

ಪ್ರಶ್ನೆ: ಘಾತ ಅಂದರೆ ಹೊಡೆತ. ಆಘಾತ, ಅಪಘಾತ, ಘಾತುಕ ಎಲ್ಲ ಅದೇ ಪರಿವಾರ. ಗಣಿತಕ್ಕೆ ಈ ಶಬ್ದ ಯಾಕೆ ಬಂತು? ಮಕ್ಕಳು ಹೆದರುವುದಕ್ಕೋ?
– ನಿವೃತ್ತ ಅಂಚೆ ನೌಕರರು, ಶಿರಸಿ

ಉತ್ತರ: ಹೆದರಿಸುವುದಕ್ಕೆ ಅಲ್ಲ ಸ್ವಾಮಿ. ಹಳೆಯ ಸಂಸ್ಕೃತ ಗಣಿತದಲ್ಲಿ ಗುಣಾಕಾರಕ್ಕೆ ಇದ್ದ ಹೆಸರುಗಳೇ ಹನನ, ವಧ, ಘಾತ. ಅವರು ಗುಣಿಸುತ್ತಿರಲಿಲ್ಲ, ಕೊಲ್ಲುತ್ತಿದ್ದರು! ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು ಒಂದೇ ಪಟ್ಟಿನಲ್ಲಿ ಏರುವ ಶ್ರೇಢಿಯ ಮೊತ್ತಕ್ಕೆ ‘ಗುಣಸಂಕಲಿತ’ ಎಂಬ ಸೌಮ್ಯವಾದ ಹೆಸರನ್ನೇ ಬಳಸಿದ್ದಾರೆ. ಅದು ಉಳಿದಿದ್ದರೆ ಚೆನ್ನಾಗಿತ್ತು. ನಮ್ಮ ಪಾಲಿಗೆ ಘಾತವೇ ಬಂತು.

ಪ್ರಶ್ನೆ: ಘಾತೀಯ ಇಳಿಕೆಯ ಗೆರೆ ಸೊನ್ನೆಯ ಹತ್ತಿರ ಹತ್ತಿರ ಹೋಗುತ್ತದೆ ಅಂತ ಪುಸ್ತಕದಲ್ಲಿದೆ. ಕಾಫಿ ಆರುವುದೂ ಘಾತೀಯ ಇಳಿಕೆ ಅಂತಲೂ ಇದೆ. ನನ್ನ ಕಾಫಿ ಎಷ್ಟು ಹೊತ್ತಿಟ್ಟರೂ ಸೊನ್ನೆ ಡಿಗ್ರಿ ಆಗಿ ಹೆಪ್ಪುಗಟ್ಟಿದ್ದು ಕಾಣೆ. ಎರಡರಲ್ಲಿ ಯಾವುದು ಸುಳ್ಳು?
– ಓದುಗರು, ಚಿಕ್ಕಮಗಳೂರು

ಉತ್ತರ: ಚಿಕ್ಕಮಗಳೂರಿನಿಂದ ಕಾಫಿ ಪ್ರಶ್ನೆ ಬಂದ ಮೇಲೆ ಪುಸ್ತಕ ನೋಡಿ ಉತ್ತರಿಸುವುದು ಮರ್ಯಾದೆಯಲ್ಲ ಅಂತ, ಹೋದ ಭಾನುವಾರ ಅಡುಗೆಮನೆಯಲ್ಲೇ ಅಳತೆ ಮಾಡಿದೆ. ಮೊಮ್ಮಗನ ಕಾಲೇಜು ಲ್ಯಾಬಿನಲ್ಲಿ ಬಳಸುವಂಥ ಥರ್ಮಾಮೀಟರ್, ಸ್ಟೀಲ್ ಲೋಟ, ಸ್ಟ್ರಾಂಗ್ ಕಾಫಿ. ಕೋಣೆಯ ಉಷ್ಣತೆ 27 ಡಿಗ್ರಿ. ಲೋಟಕ್ಕೆ ಬಗ್ಗಿಸಿದಾಗ ಕಾಫಿ 87. ಹನ್ನೆರಡು ನಿಮಿಷಕ್ಕೆ 56. ಇಪ್ಪತ್ನಾಲ್ಕಕ್ಕೆ 42. ಮೂವತ್ತಾರಕ್ಕೆ 34.

ಇದರಲ್ಲಿ ‘ಒಂದೇ ಹೊತ್ತಿಗೆ ಒಂದೇ ಪಟ್ಟು’ ಎಲ್ಲಿದೆ? 87ರಿಂದ 56 ಅಂದರೆ ಮೂರರಲ್ಲಿ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ. 42ರಿಂದ 34 ಅಂದರೆ ಐದರಲ್ಲಿ ನಾಲ್ಕು ಭಾಗ. ಪಟ್ಟು ಕೂಡಿಬರುತ್ತಿಲ್ಲ. ಮೊಮ್ಮಗ ಇಲ್ಲೇ ಕೈಚೆಲ್ಲಿದ. ಈಗ ಪ್ರತಿಯೊಂದರಿಂದಲೂ ಕೋಣೆಯ 27ನ್ನು ಕಳೆಯಿರಿ: 60, 29, 15, 7. ಪ್ರತಿ ಹನ್ನೆರಡು ನಿಮಿಷಕ್ಕೂ ಹೆಚ್ಚುಕಡಿಮೆ ಅರ್ಧ! ಅರ್ಧವಾಗುತ್ತಾ ಹೋಗುವುದು ಕಾಫಿಯ ಬಿಸಿ ಅಲ್ಲ, ಕೋಣೆಗಿಂತ ಕಾಫಿಗೆ ಎಷ್ಟು ಬಿಸಿ ಹೆಚ್ಚಿದೆಯೋ ಅದು. ನ್ಯೂಟನ್ 1701ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ ಬರಹವೊಂದರಲ್ಲಿ ಹೇಳಿದ್ದ ತಿರುಳು ಇದೇ. ಮೊದಲ ಹನ್ನೆರಡು ನಿಮಿಷದಲ್ಲಿ 30 ಉಳಿಯಬೇಕಾದಲ್ಲಿ 29 ಉಳಿದದ್ದಕ್ಕೆ ಲೋಟದಿಂದೇಳುವ ಹಬೆಯೂ ಕಾರಣ. ಬಿಸಿ ಹೆಚ್ಚಿದ್ದಾಗ ಅದರ ಕೈವಾಡ ಹೆಚ್ಚು.

ಆದ್ದರಿಂದ ಸೂತ್ರ 27 + 60 × (1/2)^(ಕ/12). ಒಂದೊಂದು ಅಂಕಿಯೂ ನಕ್ಷೆಗೆ ಒಂದೊಂದು ಕೆಲಸ ಮಾಡುತ್ತಿದೆ. 27 ನೆಲ, ಗೆರೆಯನ್ನೆಲ್ಲ ಎತ್ತಿ ಕೋಣೆಯ ಮಟ್ಟದ ಮೇಲೆ ಕೂರಿಸುತ್ತದೆ. 60 ಎತ್ತರ. 12 ಹೆಜ್ಜೆಯ ಉದ್ದ. ಫ್ಲಾಸ್ಕಿನಲ್ಲಿಟ್ಟರೆ ಅದು ಗಂಟೆಗಳಾಗುತ್ತದೆ. ಪುಸ್ತಕದವರು ‘ಅನಂತಸ್ಪರ್ಶಕ’ ಎಂದು ಕರೆಯುವುದು ಈ ನೆಲವನ್ನೇ. ಬಾಯಿ ತುಂಬುವ ಹೆಸರು, ಆದರೆ ನಿಮ್ಮ ಮನೆಯಲ್ಲಿ ಅದು ಗೋಡೆಯ ಮೇಲಿನ ಥರ್ಮಾಮೀಟರಿನ ಅಂಕಿ. ಘಾತೀಯ ಅಂತ ಯಾವ ಅಂಕಿಪಟ್ಟಿ ಕೊಟ್ಟರೂ ಪಟ್ಟು ನೋಡುವ ಮುಂಚೆ ನೆಲ ಎಲ್ಲಿದೆ ಅಂತ ಹುಡುಕಿ ಕಳೆಯಿರಿ. ನಾನು ನೋಡಿದ ತಪ್ಪುಗಳಲ್ಲಿ ಅರ್ಧಕ್ಕರ್ಧ ಅಲ್ಲೇ.

ಅಳತೆ ಮುಗಿಯುವ ಹೊತ್ತಿಗೆ ಆ ಕಾಫಿ ಕುಡಿಯುವ ಹಾಗಿರಲಿಲ್ಲ. ನಮ್ಮ ಯಜಮಾನರು ಕುಡಿದರು.

ಪ್ರಶ್ನೆ: ಅಮ್ಮನಿಗೆ ಥೈರಾಯ್ಡ್ ಆಪರೇಷನ್ ಆದ ಮೇಲೆ ಅಯೋಡಿನ್-131 ಎಂಬ ವಿಕಿರಣ ಸೂಸುವ ಔಷಧಿ ಕೊಟ್ಟರು. ಅದರ ಅರ್ಧಾಯು 8 ದಿನ ಅಂತ ಓದಿದೆ. ಹಾಗಾದರೆ 16 ದಿನಕ್ಕೆ ಪೂರ್ತಿ ಮುಗಿದಂತಲ್ಲವೇ? ಮನೆಯಲ್ಲಿ ಪುಟ್ಟ ಮಗುವಿದೆ.
– ಓದುಗರು, ಶಿವಮೊಗ್ಗ

ಉತ್ತರ: ಮೊದಲಿಗೆ, ಮಗುವಿನಿಂದ ಎಷ್ಟು ದಿನ ದೂರ ಇರಬೇಕು ಎಂಬುದಕ್ಕೆ ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯೇ ಪ್ರಮಾಣ, ನನ್ನ ಲೆಕ್ಕ ಅಲ್ಲ. ಔಷಧಿಯ ಬಹುಪಾಲು ಮೂತ್ರದಲ್ಲಿ ಹೊರಗೆ ಹೋಗುವುದರಿಂದ ದೇಹದಲ್ಲಿ ಅದು ಈ ಲೆಕ್ಕಕ್ಕಿಂತ ಬೇಗ ಕಡಿಮೆಯಾಗುತ್ತದೆ. ಅದಕ್ಕೇ ನೀರು ಚೆನ್ನಾಗಿ ಕುಡಿಯಿರಿ ಅನ್ನುತ್ತಾರೆ.

ಅರ್ಧಾಯು ಅಂದರೆ ಇದ್ದದ್ದು ಅರ್ಧವಾಗಲು ಬೇಕಾದ ಹೊತ್ತು. 16 ದಿನಕ್ಕೆ ಮುಗಿಯುವುದಿಲ್ಲ, ಯಾಕೆಂದರೆ ಎರಡನೆಯ 8 ದಿನದಲ್ಲಿ ಕಡಿಮೆಯಾಗುವುದು ಉಳಿದದ್ದರ ಅರ್ಧ ಮಾತ್ರ. ನಮ್ಮ ಹಳೇ ಅಳತೆಗಳನ್ನು ನೆನೆಸಿಕೊಳ್ಳಿ, ಅಜ್ಜಿಯರಿದ್ದರೆ ಕೇಳಿ: ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಒಂದೊಂದೂ ಹಿಂದಿನದರ ಅರ್ಧ. ಇವತ್ತು ಒಂದು ಸೇರು ಇದ್ದ ಅಯೋಡಿನ್ 8 ದಿನಕ್ಕೆ ಅಚ್ಚೇರು, 16ಕ್ಕೆ ಪಾವು, 24ಕ್ಕೆ ಅರೆಪಾವು, 32ಕ್ಕೆ ಚಟಾಕು. 80 ದಿನಕ್ಕೆ ಹತ್ತು ಸಲ ಅರ್ಧವಾಗಿ 1024ರಲ್ಲಿ ಒಂದು ಭಾಗ. ನಮ್ಮ ಹಿರಿಯರು ಘಾತೀಯ ಇಳಿಕೆಯನ್ನು ಪಾತ್ರೆ ಮಾಡಿ ಅಡುಗೆಮನೆಯಲ್ಲಿ ಸಾಲಾಗಿ ಇಟ್ಟಿದ್ದರು. ಈ ಗೆರೆ 2^ಕ ಗೆರೆಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ, ಎಡ ಬಲ ಅದಲುಬದಲು. ಅಮ್ಮ ಬೇಗ ಹುಷಾರಾಗಲಿ.

ಪ್ರಶ್ನೆ: ಅಕ್ಕಾರೆ, ಮಗಳ ಮದುವಿಗೆ ಐವತ್ತು ಸಾವಿರ ಕೈಗಡ ತಗೊಂಡೀನಿ. ನೂರಕ್ಕ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಕಟ್ಟದಿದ್ರ ಬಡ್ಡಿ ಅಸಲಿಗೆ ಸೇರತೈತಿ ಅಂತಾರ. ಮೂರು ರೂಪಾಯಿ ಅಂದ್ರ ಭಾಳ ಏನಲ್ಲ ಅನಸ್ತದ. ಐದು ವರ್ಷ ಬಿಟ್ರ ಎಷ್ಟಾದೀತು?
– ಓದುಗರು, ಗದಗ

ಉತ್ತರ: ಅಣ್ಣಾ, ಕೂತುಕೊಂಡು ಓದಿ. ಸರಳಬಡ್ಡಿಯಾಗಿದ್ದರೆ ಐದು ವರ್ಷಕ್ಕೆ ಬಡ್ಡಿ 90,000, ಒಟ್ಟು 1,40,000. ಬಡ್ಡಿ ಅಸಲಿಗೆ ಸೇರುತ್ತಾ ಹೋದರೆ ಪ್ರತಿ ತಿಂಗಳೂ 1.03 ಪಟ್ಟು, ಅರವತ್ತು ತಿಂಗಳಿಗೆ 1.03^60, ಅಂದರೆ 5.89 ಪಟ್ಟು. ಹತ್ತಿರ ಹತ್ತಿರ 2,94,600 ರೂಪಾಯಿ. ‘ಮೂರು ರೂಪಾಯಿ’ ಅನ್ನುವುದು ವರ್ಷಕ್ಕೆ 36 ಕೂಡ ಅಲ್ಲ, ನೂರಕ್ಕೆ 42 ರೂಪಾಯಿ 58 ಪೈಸೆ.

ಕಾಗದ ಪೆನ್ಸಿಲ್ ಇಲ್ಲದೆ ಹೇಳಬೇಕಾದರೆ 72ನ್ನು ಬಡ್ಡಿ ದರದಿಂದ ಭಾಗಿಸಿ. 72 ಭಾಗಿಸು 3, ಇಪ್ಪತ್ನಾಲ್ಕು ತಿಂಗಳು. ಎರಡು ವರ್ಷಕ್ಕೊಮ್ಮೆ ಸಾಲ ದುಪ್ಪಟ್ಟು: ಐವತ್ತು, ಒಂದು ಲಕ್ಷ, ಎರಡು ಲಕ್ಷ. ಬ್ಯಾಂಕಿನ ಠೇವಣಿಗೆ ವರ್ಷಕ್ಕೆ 6 ಅಂದರೆ ಅದೇ ಲೆಕ್ಕದಲ್ಲಿ 12 ವರ್ಷ. ಒಂದೇ ಗೆರೆ, ಹೆಜ್ಜೆಯ ಉದ್ದ ಮಾತ್ರ ಬೇರೆ. ಆರರ ಸಾಲ ಎಲ್ಲಾದರೂ ಹುಟ್ಟಿದರೆ ಒಳ್ಳೆಯದು, ಇಲ್ಲದಿದ್ದರೆ ಹತ್ತು ಹನ್ನೆರಡರ ಸಾಲ ಸಿಕ್ಕರೂ ಸರಿ, ಅದನ್ನು ತಂದು ಇದನ್ನು ಮೊದಲು ತೀರಿಸಿ. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ಬಂಗಾರದ ಮೇಲೆ ಕೇಳಿ ನೋಡಿ. ಅದಾಗದಿದ್ದರೆ ತಿಂಗಳ 1,500 ಬಡ್ಡಿಯನ್ನಾದರೂ ತಪ್ಪದೆ ಕಟ್ಟಿ. ಬಡ್ಡಿ ಅಸಲಿಗೆ ಸೇರದಿದ್ದರೆ ಗೆರೆ ಮೇಲೇಳುವುದೇ ಇಲ್ಲ.

ಇದೇ ಬಡ್ಡಿ ಲೆಕ್ಕದಿಂದ ಹುಟ್ಟಿದ್ದು ಕಾಲೇಜು ಮಕ್ಕಳು ಕೇಳುವ ‘ಇ’ ಎಂಬ ಸಂಖ್ಯೆ. 1683ರಲ್ಲಿ ಸ್ವಿಟ್ಜರ್‌ಲೆಂಡಿನ ಯಾಕೊಬ್ ಬರ್ನೂಲಿ, ವರ್ಷಕ್ಕೆ ನೂರಕ್ಕೆ ನೂರು ಬಡ್ಡಿಯನ್ನು ಸಣ್ಣಸಣ್ಣ ಕಂತು ಮಾಡಿ ಅಸಲಿಗೆ ಸೇರಿಸುತ್ತಾ ಹೋದರೆ ಏನಾಗುತ್ತದೆ ಅಂತ ನೋಡಿದ. ವರ್ಷಕ್ಕೊಮ್ಮೆ ಸೇರಿಸಿದರೆ ಒಂದು ರೂಪಾಯಿ 2 ಆಗುತ್ತದೆ, ಆರು ತಿಂಗಳಿಗೊಮ್ಮೆ ಆದರೆ 2.25, ತಿಂಗಳಿಗೊಮ್ಮೆ 2.613, ದಿನಕ್ಕೊಮ್ಮೆ 2.7146. ಗಳಿಗೆಗೊಮ್ಮೆ, ಕ್ಷಣಕ್ಕೊಮ್ಮೆ ಸೇರಿಸಿದರೂ 2.71828ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಸಾಹುಕಾರನ ದುರಾಸೆಗೂ ಒಂದು ಎಲ್ಲೆಯಿದೆ ಅಂತ ಗಣಿತ ಹೇಳಿದ್ದು ಅದೊಂದೇ ಸಲವೇನೋ.

ಪ್ರಶ್ನೆ: ಛಂದಸ್ಸಿನಲ್ಲಿ ಅಕ್ಷರಗಣ ಎಂಟೇ ಯಾಕೆ? ಒಂಬತ್ತನೆಯದನ್ನು ಯಾರಾದರೂ ಕಟ್ಟಬಹುದೇ?
– ಕನ್ನಡ ಎಂಎ ವಿದ್ಯಾರ್ಥಿ, ಧಾರವಾಡ

ಉತ್ತರ: ಕಟ್ಟಲಾಗದು. ಗಣಕ್ಕೆ ಮೂರು ಅಕ್ಷರ, ಒಂದೊಂದೂ ಲಘು ಇಲ್ಲವೇ ಗುರು. 2 × 2 × 2, ಎಂಟು. ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರ ಆ ಎಂಟನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಹೀಗೆ ಲಘು ಗುರುಗಳ ಎಲ್ಲ ಜೋಡಣೆಗಳನ್ನೂ ಹರಡಿ ನೋಡುವ ಪ್ರಸ್ತಾರದ ಕ್ರಮ ಸಂಸ್ಕೃತದ ಛಂದಃಶಾಸ್ತ್ರ ಬರೆದ ಪಿಂಗಳನಷ್ಟು ಹಳೆಯದು. 19 ಅಕ್ಷರದ ಶಾರ್ದೂಲವಿಕ್ರೀಡಿತದ ಉದ್ದದ ಸಾಲಿಗೆ 5,24,288 ಬಗೆ ಸಾಧ್ಯ. 22 ಅಕ್ಷರದ ಮಹಾಸ್ರಗ್ಧರೆಯ ಉದ್ದಕ್ಕೆ 41,94,304. ಅಕ್ಷರ ಮೂರು ಕೂಡಿದವು, ಬಗೆಗಳು ಎಂಟು ಪಟ್ಟಾದವು. ಚಿಂತಾಮಣಿಯ ಹುಡುಗಿಯ ಪ್ರಶ್ನೆಯೂ ಇದೇ. ನಮ್ಮ ಕವಿಗಳು ಅಷ್ಟು ಲಕ್ಷದಲ್ಲಿ ಕಿವಿಗೆ ಇಂಪಾದ ಬೆರಳೆಣಿಕೆಯಷ್ಟನ್ನು ಆರಿಸಿಕೊಂಡರಲ್ಲ, ಅದು ಗಣಿತದ ಕೆಲಸ ಅಲ್ಲ.

ಪ್ರಶ್ನೆ: ನನ್ನ ಭಾವಮೈದುನ ಒಂದು ಸ್ಕೀಮಿಗೆ ಸೇರಿ ಎಂದು ಬೆನ್ನು ಬಿದ್ದಿದ್ದಾನೆ. ನಾವು ದುಡ್ಡು ಕಟ್ಟಿ ಐದು ಜನರನ್ನು ಸೇರಿಸಿದರೆ ಸಾಕಂತೆ, ಅವರು ತಲಾ ಐದು ಜನರನ್ನು ಸೇರಿಸುತ್ತಾರಂತೆ. ಐದೇ ಜನ ತಾನೇ ಅನ್ನುತ್ತಾನೆ. ಏನು ಹೇಳಲಿ?
– ಗೃಹಿಣಿ, ಹಾಸನ

ಉತ್ತರ: ತಂಗೀ, ಗಣಿತದ ಟೀಚರ್ ಆಗಿದ್ದೂ ನಾನೇ ಒಮ್ಮೆ ಬಿದ್ದ ಹಳ್ಳ ಇದು. ಅಣ್ಣನ ಮಗ ಬಂದು ‘ಅತ್ತೆ, ಐದೇ ಜನ’ ಅಂದ. ನಾಲ್ಕು ಸಾವಿರ ಕೊಟ್ಟೆ. ಪ್ರತಿಯಾಗಿ ಬಂದದ್ದು ಒಂದು ಅಂಟದ ಬಾಣಲೆ. ಸ್ಟಾಫ್ ರೂಮಿನಲ್ಲಿ ಸೇರಿಸಲು ಹೋದರೆ ಅಲ್ಲಿದ್ದವರೆಲ್ಲ ಆಗಲೇ ಸೇರಿ ನನ್ನನ್ನೇ ಸೇರಿಸಲು ಕಾಯುತ್ತಿದ್ದರು. ಆ ರಾತ್ರಿ ಹಾಳೆ ತೆಗೆದುಕೊಂಡು ಕೂತೆ, ಮೊದಲೇ ಕೂರಬೇಕಿತ್ತು.

ಶುರು ಮಾಡಿದವನು ಒಬ್ಬ. ಅವನ ಕೆಳಗೆ 5, ಆಮೇಲೆ 25, 125, 625. ಐದನೇ ಸುತ್ತಿಗೆ 3,125, ಒಂದು ದೊಡ್ಡ ಹಳ್ಳಿ. ಹನ್ನೊಂದನೇ ಸುತ್ತಿನಲ್ಲಿ ಸೇರಬೇಕಾದವರು 4,88,28,125. ಮೊದಲಿನಿಂದ ಎಲ್ಲರನ್ನೂ ಕೂಡಿದರೆ 6,10,35,156 ಜನ. ಈಗ 2011ರ ಜನಗಣತಿ ತೆಗೆಯಿರಿ: ಕರ್ನಾಟಕದ ಜನಸಂಖ್ಯೆ 6,10,95,297. ಹಸುಗೂಸು, ಹಣ್ಣು ಮುದುಕರು ಎಲ್ಲರೂ ಸೇರಿ, ಹೊರಗೆ ಉಳಿದವರು ಬರೀ ಅರವತ್ತು ಸಾವಿರ ಚಿಲ್ಲರೆ. ಹನ್ನೊಂದನೇ ಸುತ್ತಿನವರು ಇನ್ನು ಯಾರನ್ನು ಸೇರಿಸಬೇಕು? ಅವರು ಎಷ್ಟು ಪಾಲು ಗೊತ್ತೇ, ಸೇರಿದವರಲ್ಲಿ ನೂರಕ್ಕೆ ಎಂಬತ್ತು. ಯಾವ ಸುತ್ತಿನಲ್ಲಿ ನಿಂತರೂ ಅಷ್ಟೇ, ದುಡ್ಡು ಕಟ್ಟಿ ಬರಿಗೈಲಿ ಕೂರುವವರು ಐವರಲ್ಲಿ ನಾಲ್ವರು. ಇಂಥ ಹಣ ಸುತ್ತಿಸುವ ಸ್ಕೀಮುಗಳನ್ನು ನಿಷೇಧಿಸುವ ಕಾಯ್ದೆ 1978ರಿಂದಲೂ ಇದೆ. ಹೆಸರು ಬದಲಿಸಿಕೊಂಡು, ಬಾಣಲೆಯೋ ಹಾಸಿಗೆಯೋ ಟಾನಿಕ್ಕೋ ಹಿಡಿದುಕೊಂಡು ಮತ್ತೆ ಮತ್ತೆ ಬರುತ್ತವೆ.

ನಿಮ್ಮ ಭಾವಮೈದುನನಿಗೆ ನನ್ನ ಲೆಕ್ಕವನ್ನೆಲ್ಲ ಒಪ್ಪಿಸಲು ಹೋಗಬೇಡಿ, ಮನಸ್ತಾಪವಾದೀತು. ‘ನೀನು ಎಷ್ಟನೇ ಸುತ್ತಿನವನು?’ ಅಂತ ಮಾತ್ರ ಕೇಳಿ. ನಮ್ಮಣ್ಣನ ಮಗನನ್ನು ನಾನು ಕೇಳಿದ್ದೆ. ಅವನಿಗೆ ಗೊತ್ತಿರಲಿಲ್ಲ.